ಕೆಲಸ ಎಲ್ಲಿಗೆ ಮುಟ್ಟಿತು?



ಏಪ್ರಿಲ್ ಮುಗಿಯುತ್ತಾ ಬಂದಂತೆ ಪುತ್ತೂರು, ಸುಳ್ಯ, ಕಡಬದ ಕಡೆ ಎಲ್ಲಿ ಹೋದರೂ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: ಕೆಲಸ ಎಲ್ಲಿಗೆ ಮುಟ್ಟಿತು? ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಕೇಳುತ್ತಾರೆ. ತೋಡಿಗೆ ಕಾಲುಸಂಕ ಆಗಬೇಕಾದ ಬೈಲಿನವರು ಪಂಚಾಯತ್ ಸದಸ್ಯರನ್ನು ಕೇಳುತ್ತಾರೆ. ರಸ್ತೆ ಅಗೆದು ಹಾಕಿದ ಪೇಟೆಯಲ್ಲಿ ಅಂಗಡಿಯವರು ಗುತ್ತಿಗೆದಾರರ ಸೂಪರ್‌ವೈಸರನ್ನು ಕೇಳುತ್ತಾರೆ. ಜೂನ್ ಮೊದಲ ವಾರ ಮಳೆ ಹಿಡಿದರೆ ಮತ್ತೆ ಅಕ್ಟೋಬರ್‌ವರೆಗೆ ಮಣ್ಣಿನ ಕೆಲಸದ ಮಾತೇ ಇಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಹಾಗಾಗಿ ಆ ಪ್ರಶ್ನೆಯಲ್ಲಿ ಆತಂಕ ಇರುವುದು ಸಹಜ.

ಇದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ‘ಆಗ್ತಾ ಉಂಟು.’ ‘ಇನ್ನೇನು, ಮುಗಿದ ಹಾಗೇ.’ ‘ಒಂದು ವಾರದಲ್ಲಿ ಆಗ್ತದೆ ಮಾರಾಯ್ರೆ.’ ಹೇಳುವವರಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಹೆಚ್ಚಿನವರು ಎದುರಿಗಿದ್ದವರ ಮನಸ್ಸಿಗೆ ಬೇಜಾರಾಗಬಾರದು ಎಂದೇ ಹಾಗೆ ಹೇಳುತ್ತಾರೆ. ಆದರೆ ಕೇಳಿದವರು ಬಂದಷ್ಟೇ ಕತ್ತಲಲ್ಲಿ ಹಿಂದಿರುಗುತ್ತಾರೆ.

ಕಟ್ಟಡದ ಕೆಲಸದಲ್ಲಿ ಬಹಳ ಕಾಲದಿಂದ ಇರುವವನಾಗಿ, ಇವತ್ತು ಈ ಒಂದು ಪ್ರಶ್ನೆಯ ಬಗ್ಗೆ ಮಾತಾಡಬೇಕೆಂದಿದ್ದೇನೆ. ಕೆಲಸ ಎಲ್ಲಿಗೆ ಮುಟ್ಟಿತು ಎಂದು ಯಾರೂ ಬರೀ ಕುತೂಹಲಕ್ಕೆ ಕೇಳುವುದಿಲ್ಲ. ಕೇಳುವವರ ಕೈಯಲ್ಲಿ ಅವರದೇ ಒಂದು ನಿರ್ಧಾರ ಕಾದು ಕೂತಿರುತ್ತದೆ. ಆ ನಿರ್ಧಾರಕ್ಕೆ ಬೇಕಾದ ಸುದ್ದಿಯನ್ನು, ಅದು ಉಪಯೋಗಕ್ಕೆ ಬರುವ ಹೊತ್ತಿನಲ್ಲಿ ಕೊಡುವುದು ಕೆಲಸ ಮಾಡುವವರ ಹೊಣೆ. ಗೋಡೆ ಏರಿಸುವುದು ಎಷ್ಟು ನಮ್ಮ ಕೆಲಸವೋ, ಇದೂ ಅಷ್ಟೇ ನಮ್ಮ ಕೆಲಸ.

ಒಂದು ಮನೆಯನ್ನೇ ತೆಗೆದುಕೊಳ್ಳಿ. ಬೆಳ್ಳಾರೆಯಿಂದ ಆಚೆ ಒಂದು ಗುಡ್ಡೆಯ ಬದಿಯಲ್ಲಿ ಕೆಂಪುಕಲ್ಲಿನ ಮನೆ ಏಳುತ್ತಿದೆ ಎಂದಿಟ್ಟುಕೊಳ್ಳೋಣ. ಹಣ ಹಾಕುವ ಮಗ ಮಸ್ಕತ್ತಿನಲ್ಲಿದ್ದಾನೆ. ತಂದೆ ಪಕ್ಕದ ಹಳೆಮನೆಯಲ್ಲಿದ್ದಾರೆ. ದಿನಕ್ಕೆರಡು ಸಲ ಬಂದು ನೋಡಿ ಹೋಗುತ್ತಾರೆ. ಸಾಲ ಕೊಟ್ಟ ಬ್ಯಾಂಕು ಪುತ್ತೂರಿನಲ್ಲಿದೆ. ಬಾಗಿಲು ದಾರಂದ ಮಾಡುವ ಬಡಗಿ ಇದ್ದಾರೆ, ವಯರಿಂಗಿನವರು ಇದ್ದಾರೆ, ತಮ್ಮ ಅಂಗಳದ ಬದಿಯಲ್ಲಿ ಲಾರಿ ಹೋಗಲು ದಾರಿ ಬಿಟ್ಟುಕೊಟ್ಟ ನೆರೆಮನೆಯವರು ಇದ್ದಾರೆ. ಇವರೆಲ್ಲರೂ ಮೇಸ್ತ್ರಿಯ ಹತ್ತಿರ ಕೇಳುವುದು ಒಂದೇ ಮಾತು. ಬೇಕಾಗಿರುವ ಉತ್ತರ ಮಾತ್ರ ಬೇರೆ ಬೇರೆ.

ಮಗನಿಗೆ ಗೊತ್ತಾಗಬೇಕಾದ್ದು ಎರಡು. ಮುಂದಿನ ಹಣ ಯಾವಾಗ, ಎಷ್ಟು ಕಳಿಸಬೇಕು? ಮನೆ ಒಕ್ಕಲಿಗೆ ರಜೆ ಯಾವ ತಿಂಗಳಿಗೆ ಹಾಕಬೇಕು? ಗಲ್ಫಿನಲ್ಲಿ ಕೆಲಸ ಮಾಡುವವರಿಗೆ ರಜೆ ಎಂದರೆ ಬೇಕೆಂದಾಗ ಸಿಗುವುದಲ್ಲ. ಟಿಕೆಟ್ ಮೊದಲೇ ಮಾಡಬೇಕು, ಇಲ್ಲಿ ಮುಹೂರ್ತ ನೋಡಬೇಕು, ಅಡಿಗೆಯವರಿಗೆ ಹೇಳಬೇಕು. ಬ್ಯಾಂಕಿನವರಿಗೆ ಬೇಕಾದ್ದು ಹಂತ: ಪಂಚಾಂಗ ಮುಗಿಯಿತೇ, ಲಿಂಟಲ್ ಆಯಿತೇ, ಸ್ಲ್ಯಾಬ್ ಬಿತ್ತೇ? ಹಂತ ಮುಗಿಯದೆ ಮುಂದಿನ ಕಂತು ಬಿಡುಗಡೆ ಆಗುವುದಿಲ್ಲ. ವಯರಿಂಗಿನವರಿಗೆ ಸ್ಲ್ಯಾಬಿನ ದಿನ ನಾಲ್ಕು ದಿನ ಮೊದಲೇ ತಿಳಿಯಬೇಕು. ಕಂಬಿ ಕಟ್ಟಿ ಕಾಂಕ್ರೀಟ್ ಹಾಕುವ ನಡುವೆ ಅವರು ಪೈಪ್ ಎಳೆದು ಮುಗಿಸಬೇಕು. ತಿಳಿಯದೆ ಹೋದರೆ ಆಮೇಲೆ ಸ್ಲ್ಯಾಬನ್ನು ಕೊರೆಯಬೇಕಾಗುತ್ತದೆ. ಬಡಗಿಗೆ ಬೇಕಾದ್ದು ಗೋಡೆಯಲ್ಲಿ ಬಿಟ್ಟ ಜಾಗದ ಅಳತೆ, ನಕ್ಷೆಯಲ್ಲಿರುವ ಅಳತೆ ಅಲ್ಲ. ನೆರೆಮನೆಯವರಿಗೆ ನಮ್ಮ ಸ್ಲ್ಯಾಬಿನ ಗೊಡವೆಯೇ ಇಲ್ಲ. ಅವರಿಗೆ ತಿಳಿಯಬೇಕಾದ್ದು ಜಲ್ಲಿ, ಹೊಯ್ಗೆಯ ಲಾರಿ ಎಂದಿಗೆ ನಿಲ್ಲುತ್ತದೆ ಎಂಬುದು. ಕೊಯ್ಲಾದ ಅಡಿಕೆ ಹರಡಲು ಅವರಿಗೆ ಅಂಗಳ ಬೇಕು. ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು. ಲಾರಿಯ ಧೂಳು ಅದರ ಮೇಲೆ ಕೂರಬಾರದು.

ತಂದೆಯನ್ನು ಕೊನೆಗೆ ಇಟ್ಟಿದ್ದೇನೆ. ಅವರಿಗೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಮತ್ತೆ ಹೇಳುವುದೇನು ಎಂದು ನಾವು ತಿಳಿಯುತ್ತೇವೆ. ಆದರೆ ಕಾಣುವುದು ಬೇರೆ, ಅರ್ಥವಾಗುವುದು ಬೇರೆ. ಸ್ಲ್ಯಾಬ್ ಹಾಕಿದ ಮೇಲೆ ಎರಡು ಮೂರು ವಾರ ಕೆಲಸದವರು ಯಾರೂ ಬರುವುದಿಲ್ಲ. ಆಧಾರದ ಕಂಬಗಳು ನಿಂತಿರುತ್ತವೆ, ಮೇಲೆ ನೀರು ಕಟ್ಟಿರುತ್ತದೆ. ಹಿರಿಯರು ಬಂದು ನೋಡುತ್ತಾರೆ. ಕೆಲಸ ನಿಂತಿದೆ ಎಂದು ಮಗನಿಗೆ ಫೋನ್ ಮಾಡುತ್ತಾರೆ. ಮಗ ಅಲ್ಲಿಂದ ಮೇಸ್ತ್ರಿಗೆ ಫೋನ್ ಮಾಡಿ ದನಿ ಏರಿಸುತ್ತಾನೆ. ಸ್ಲ್ಯಾಬ್ ಹಾಕಿದ ದಿನ ಸಂಜೆ, ‘ಅಣ್ಣೇರೆ, ಇನ್ನು ಕಾಂಕ್ರೀಟ್ ಗಟ್ಟಿಯಾಗುವವರೆಗೆ ನಾವು ಬರುವುದಿಲ್ಲ. ದಿನಾ ನೀರು ಬಿಡುವುದೇ ಈಗ ಕೆಲಸ. ಹಲಗೆ ಬಿಚ್ಚುವ ಹಿಂದಿನ ದಿನ ಹೇಳಿ ಕಳಿಸುತ್ತೇನೆ’ ಎಂದು ಎರಡು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕೆಲಸ ಕಾಣದ ದಿನಗಳಲ್ಲಿಯೇ ಮಾತು ಹೆಚ್ಚು ಬೇಕು. ನಾವು ಮಾಡುವುದು ತಿರುಗುಮುರುಗು: ಗೋಡೆ ಏಳುವಾಗ ದಿನಕ್ಕೆ ಹತ್ತು ಫೋಟೋ ಕಳಿಸುತ್ತೇವೆ, ಕೆಲಸ ನಿಂತಾಗ ಫೋನ್ ಎತ್ತುವುದಿಲ್ಲ.

ಇನ್ನು ಶೇಕಡಾ ಲೆಕ್ಕ. ‘ಶೇ. 80 ಆಗಿದೆ’ ಎಂಬ ಮಾತು ಸರಕಾರಿ ವರದಿಯಲ್ಲೂ ಇದೆ, ಖಾಸಗಿ ಕೆಲಸದಲ್ಲೂ ಇದೆ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಯಾವುದರ ಶೇ. 80? ಖರ್ಚಾದ ಹಣದ್ದೇ, ಕಳೆದ ದಿನಗಳದ್ದೇ, ಮುಗಿದ ಕೆಲಸದ್ದೇ? ಮನೆಯಲ್ಲಿ ಸ್ಲ್ಯಾಬ್ ಬಿದ್ದ ದಿನ ನೋಡುವವರ ಕಣ್ಣಿಗೆ ಮುಕ್ಕಾಲು ಮುಗಿದ ಹಾಗೆ. ಹಣದ ಲೆಕ್ಕದಲ್ಲಿ ಅರ್ಧ ದಾಟಿರುವುದಿಲ್ಲ. ಸಾರಣೆ, ನೆಲ, ಬಾಗಿಲು, ಬಣ್ಣ, ನೀರಿನ ಪೈಪು, ಸ್ನಾನದ ಕೋಣೆ ಎಲ್ಲ ಬಾಕಿ. ಇವೆಲ್ಲ ಬೇರೆ ಬೇರೆ ಜನ ಮಾಡುವ ಕೆಲಸ. ಒಬ್ಬರು ಬಾರದಿದ್ದರೆ ಇನ್ನೊಬ್ಬರಿಗೆ ಕೈ ಹಾಕಲಾಗುವುದಿಲ್ಲ. ಶೇ. 80ರಿಂದ 90ಕ್ಕೆ ಹೋಗಲು ಮೊದಲಿನ 80ರಷ್ಟೇ ಕಾಲ ಬೇಕಾದ ಮನೆಗಳಿವೆ. ಅದಕ್ಕೆ ನನ್ನ ಅಭಿಪ್ರಾಯ ಇಷ್ಟು: ಕೇಳುವವರು ಸ್ವತಃ ಹೋಗಿ ನೋಡಿ ಹೌದೋ ಅಲ್ಲವೋ ಎಂದು ಹೇಳಬಹುದಾದ ಮಾತನ್ನೇ ಆಡಬೇಕು. ‘ಒಳಗಿನ ಸಾರಣೆ ಮುಗಿದಿದೆ, ಹೊರಗಿನದು ದಕ್ಷಿಣದ ಗೋಡೆ ಬಾಕಿ’ ಎಂದರೆ ಅದರಲ್ಲಿ ಅಡಗಿಕೊಳ್ಳಲು ಜಾಗ ಇಲ್ಲ.

ಮನೆಯಿಂದ ಸ್ವಲ್ಪ ದೊಡ್ಡ ಕೆಲಸಗಳ ಕಡೆ ಬರೋಣ. ನಮ್ಮ ಮೂರು ತಾಲೂಕುಗಳ ಹಿರಿಯರಿಗೆ ರೈಲಿನ ವಿಷಯ ಚೆನ್ನಾಗಿ ನೆನಪಿರುತ್ತದೆ. ಕಬಕ-ಪುತ್ತೂರು, ನರಿಮೊಗರು, ಎಡಮಂಗಲ ದಾಟಿ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಘಾಟಿ ಏರಿ ಸಕಲೇಶಪುರ, ಹಾಸನಕ್ಕೆ ಹೋಗುವ ದಾರಿ ಅದು. ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಘಾಟಿಯ ಓಡಾಟ ನಿಂತಿತು. ಸರಕಿನ ರೈಲು ಓಡಿದ್ದು 2006ರಲ್ಲಿ. ಪ್ರಯಾಣಿಕರ ರೈಲು ಮತ್ತೆ ಘಾಟಿ ಇಳಿದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಘಾಟಿಯ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ, 50 ಅಡಿಗೆ ಒಂದಡಿ ಏರುವ ಕಡಿದಾದ ದಾರಿ. ತಡವಾಗಲು ಕಾರಣ ಇರಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ಆ ಹನ್ನೊಂದು ವರ್ಷ ಊರಿನವರು ಬಜೆಟ್ ದಿನದ ಪತ್ರಿಕೆ ತೆರೆದು ನಮ್ಮ ದಾರಿಗೆ ಎಷ್ಟು ಹಣ ಇಟ್ಟಿದ್ದಾರೆ ಎಂದು ನೋಡಿ, ಅದರಿಂದ ತಾವೇ ಊಹೆ ಮಾಡಿಕೊಳ್ಳಬೇಕಿತ್ತು. ನಿಲ್ದಾಣದ ಹತ್ತಿರ ಅಂಗಡಿ ಇಡಲೇ, ಬೇಡವೇ? ಮಗನನ್ನು ಬೆಂಗಳೂರಿನ ಕಾಲೇಜಿಗೆ ಹಾಕಿದರೆ ರೈಲು ಸಿಕ್ಕೀತೇ? ಇಂಥ ನಿರ್ಧಾರಗಳು ಊಹೆಯ ಮೇಲೆಯೇ ನಡೆದವು.

ಅದೇ ದಾರಿಯ ಇನ್ನೊಂದು ಸಂದರ್ಭ ಹೇಳುತ್ತೇನೆ. 2024ರ ಜುಲೈ 26ರಂದು ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣು ಜಾರಿತು. ಓಡಾಟ ಪೂರ್ತಿ ನಿಂತಿತು. ಮಳೆ ನಿಲ್ಲದ ಜಾಗ, ವಾಹನ ಹೋಗಲು ರಸ್ತೆ ಸರಿಯಾಗಿ ಇಲ್ಲದ ಕಾಡು. ರೈಲ್ವೆಯವರು ಆ ಸಲ ಸ್ಥಳದ ಚಿತ್ರ, ವಿಡಿಯೋಗಳನ್ನು ಹೊರಗೆ ಬಿಡುತ್ತಾ ಹೋದರು. ಮರಳಿನ ಚೀಲ ಪೇರಿಸುತ್ತಿದ್ದಾರೆ, ತಂತಿಬಲೆಯಲ್ಲಿ ಕಲ್ಲು ತುಂಬಿ ಗೋಡೆ ಕಟ್ಟುತ್ತಿದ್ದಾರೆ, ರಾತ್ರಿಯೂ ದೀಪ ಹಾಕಿ ಕೆಲಸ ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಯಾವ ರೈಲು ಯಾವ ದಿನದವರೆಗೆ ರದ್ದು, ಯಾವುದು ಬೇರೆ ದಾರಿಯಲ್ಲಿ ಹೋಗುತ್ತದೆ ಎಂಬ ಪಟ್ಟಿ ಬರುತ್ತಿತ್ತು. ಮೊದಲು ಸರಕಿನ ರೈಲು ನಿಧಾನಕ್ಕೆ ಬಿಟ್ಟು ನೋಡಿ, ಆಮೇಲೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ ಪ್ರಯಾಣಿಕರ ರೈಲು ಬಿಟ್ಟರು. ಆ ದಿನಗಳಲ್ಲಿ ತೊಂದರೆ ಯಾರಿಗೂ ಕಡಿಮೆ ಆಗಲಿಲ್ಲ. ಬಸ್ಸಿನ ಟಿಕೆಟ್ ಸಿಗಲಿಲ್ಲ, ಸಿಕ್ಕವರಿಗೆ ದರ ಹೆಚ್ಚಾಯಿತು. ಆದರೂ ಜನರ ಮಾತಿನಲ್ಲಿ ಸಿಟ್ಟಿಗಿಂತ ಅಲ್ಲಿ ಕೆಲಸ ಮಾಡುವವರ ಮೇಲಿನ ಮರುಕವೇ ಹೆಚ್ಚು ಕೇಳಿಸಿತು. ಮಳೆಯಲ್ಲಿ ನೆನೆಯುತ್ತಾ ಚೀಲ ಹೊರುವವರನ್ನು ಕಂಡ ಮೇಲೆ ಯಾರಿಗೆ ಬೈಯಲು ಮನಸ್ಸು ಬರುತ್ತದೆ? ಕೆಲಸ ಕಂಡರೆ ಕಾಯುವ ಶಕ್ತಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹತ್ತಿರದಲ್ಲಿ ಕಾಣುವುದಿಲ್ಲ.

ಶಿರಾಡಿ ಘಾಟಿಯ ರಸ್ತೆ ಬೇರೆಯೇ ಪಾಠ ಕಲಿಸಿತು. 2015ರಲ್ಲೊಮ್ಮೆ, 2018ರಲ್ಲೊಮ್ಮೆ ಆ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದರು. ಕೆಲಸ ನಡೆದದ್ದು ಕಡಬದ ಗಡಿಯ ಕಾಡಿನಲ್ಲಿ. ಆದರೆ ವಾಹನಗಳು ಹೊರಳಿದ್ದು ಚಾರ್ಮಾಡಿಗೆ ಮತ್ತು ಮಾಣಿ, ಪುತ್ತೂರು, ಸುಳ್ಯ, ಸಂಪಾಜೆಯ ದಾರಿಗೆ. ಹಗಲು ರಾತ್ರಿ ಬಸ್ಸು, ಲಾರಿ. ಸುಳ್ಯದ ಶಾಲೆಗೆ ರಸ್ತೆ ದಾಟಿ ಹೋಗುವ ಮಕ್ಕಳು, ಸಂಪಾಜೆಯ ಹೋಟೆಲಿನವರು, ಜಾಲ್ಸೂರಿನ ರಿಕ್ಷಾದವರು, ಇವರ್ಯಾರೂ ಶಿರಾಡಿಯ ಗುತ್ತಿಗೆಯ ಕಾಗದದಲ್ಲಿ ಇಲ್ಲ. ಆದರೂ ಅಲ್ಲಿಯ ಕಾಂಕ್ರೀಟ್ ಎಷ್ಟು ಕಿಲೋಮೀಟರಿಗೆ ಬಂತು ಎಂಬುದು ಇವರ ದಿನವನ್ನು ತೀರ್ಮಾನಿಸುತ್ತಿತ್ತು. ಕೆಲಸ ಕೊಟ್ಟವರು, ಮಾಡುವವರು ಇಬ್ಬರೇ ಅದರ ಸುದ್ದಿಗೆ ಹಕ್ಕುದಾರರಲ್ಲ. ಯಾರ ದಾರಿ ಬದಲಾಯಿತೋ, ಯಾರ ನೀರು ನಿಂತಿತೋ, ಯಾರ ವ್ಯಾಪಾರ ಇಳಿಯಿತೋ, ಅವರೆಲ್ಲರೂ ಹಕ್ಕುದಾರರು. ಕೆಲಸ ಶುರುವಾಗುವ ಮೊದಲೇ ಕೂತು ಇವರ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಸೈಟಿನಿಂದ ದೂರ ಇರುವವರು.

ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥದ ಕೆಲಸವನ್ನೂ ನೀವೆಲ್ಲ ನೋಡಿದವರೇ. ಮೊದಲ ಗುತ್ತಿಗೆ ನಡುವೆ ನಿಂತು, ಮತ್ತೆ ಟೆಂಡರ್ ಆಗಿ, ಪೆರಿಯಶಾಂತಿಯಲ್ಲಿ ಎರಡು ಭಾಗವಾಗಿ ಹಂಚಿಹೋಯಿತು. ಉಪ್ಪಿನಂಗಡಿ, ನೆಲ್ಯಾಡಿಯ ಪೇಟೆಯವರಿಗೆ ಇಡೀ ಹೆದ್ದಾರಿಯ ಶೇಕಡಾ ಲೆಕ್ಕದಿಂದ ಏನೂ ಆಗಬೇಕಾಗಿಲ್ಲ. ಚರಂಡಿ ತಮ್ಮ ಅಂಗಡಿಯ ಎದುರಿಗೆ ಯಾವ ವಾರ ಬರುತ್ತದೆ, ಸರ್ವಿಸ್ ರಸ್ತೆಗೆ ಡಾಮರು ಯಾವಾಗ, ಮಳೆಗಾಲದಲ್ಲಿ ಗುಡ್ಡ ಅಗೆದ ನೀರು ಯಾವ ಕಡೆಗೆ ಹರಿಯುತ್ತದೆ, ಇದು ಗೊತ್ತಾದರೆ ಸಾಕು. ಅರವತ್ತಕ್ಕೂ ಹೆಚ್ಚು ಕಿಲೋಮೀಟರಿನ ಕೆಲಸವನ್ನು ಪೇಟೆ ಪೇಟೆಗೆ ಬಿಡಿಸಿ ಹೇಳುವುದು ಕಷ್ಟದ ಕೆಲಸ ಅಲ್ಲ. ಮಾಹಿತಿ ಎಂಜಿನಿಯರರ ಹತ್ತಿರ ಇದ್ದೇ ಇರುತ್ತದೆ. ಒಂದು ಹಲಗೆ, ವಾರಕ್ಕೊಮ್ಮೆ ಅದರ ಮೇಲೆ ನಾಲ್ಕು ಸಾಲು ಬರೆಯುವ ಒಬ್ಬ ಮನುಷ್ಯ, ಇಷ್ಟೇ ಬೇಕಾದ್ದು.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಕೆಲಸ ತಡವಾಗುತ್ತದೆ ಎಂಬ ಸುದ್ದಿಯನ್ನು ಯಾವಾಗ ಹೇಳಬೇಕು?

ನಮ್ಮ ತೋಟಗಳಲ್ಲಿ ಮಳೆಗಾಲ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುತ್ತೇವೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಈ ಬೋರ್ಡೋ ದ್ರಾವಣವನ್ನು ತಯಾರಿಸಿದ ದಿನವೇ ಮುಗಿಸಬೇಕು, ಇಟ್ಟರೆ ಹಾಳು. ಹಾಗಾಗಿ ಮರ ಏರುವವರು ನಾಳೆ ಬರುತ್ತಾರೋ ಇಲ್ಲವೋ ಎಂಬುದು ತೋಟದವರಿಗೆ ಇವತ್ತು ರಾತ್ರಿಯೇ ಗೊತ್ತಾಗಬೇಕು. ಬೆಳಗ್ಗೆ ಎಂಟಕ್ಕೆ ಡ್ರಮ್ಮಿನಲ್ಲಿ ಮದ್ದು ಕಲಸಿಟ್ಟ ಮೇಲೆ ‘ಇವತ್ತು ಆಗುವುದಿಲ್ಲ ಭಟ್ರೇ’ ಎಂದು ಫೋನ್ ಬಂದರೆ ಅದು ಸುದ್ದಿಯೂ ಹೌದು, ಸತ್ಯವೂ ಹೌದು; ಉಪಯೋಗ ಮಾತ್ರ ಇಲ್ಲ. ಅದೇ ಮಾತು ಹಿಂದಿನ ರಾತ್ರಿ ಬಂದಿದ್ದರೆ ಬೇರೆಯವರನ್ನು ಕೇಳಬಹುದಿತ್ತು, ಇಲ್ಲವೇ ಮದ್ದು ಕಲಸದೆ ಇರಬಹುದಿತ್ತು.

ಕಾಲುಸಂಕದ ಕೆಲಸ ಮಳೆಗೆ ಮೊದಲು ಮುಗಿಯುವುದಿಲ್ಲ ಎಂದು ಗುತ್ತಿಗೆದಾರರಿಗೆ ಬಹುಮಟ್ಟಿಗೆ ಮಾರ್ಚಿನಲ್ಲೇ ಗೊತ್ತಾಗುತ್ತದೆ. ಆಗ ಹೇಳಿದರೆ ಆಚೆ ದಡದ ಮನೆಯವರು ಹಳೆಯ ಅಡಿಕೆಮರದ ಪಾಲವನ್ನು ಇನ್ನೊಂದು ವರ್ಷಕ್ಕೆ ಗಟ್ಟಿ ಮಾಡಿಕೊಳ್ಳುತ್ತಾರೆ. ಅಕ್ಕಿ, ಗ್ಯಾಸ್, ದನದ ಹಿಂಡಿ ಮೊದಲೇ ತಂದಿಡುತ್ತಾರೆ. ಹೆರಿಗೆಗೆ ಇರುವ ಮಗಳನ್ನು ಈಚೆಯ ನೆಂಟರ ಮನೆಗೆ ಕಳಿಸುತ್ತಾರೆ. ಜೂನ್ ಹತ್ತಕ್ಕೆ ಹೇಳಿದರೆ ಇದ್ಯಾವುದನ್ನೂ ಮಾಡಲಾಗುವುದಿಲ್ಲ. ಮಾರ್ಚಿನಲ್ಲಿ ಬೈಗುಳ ತಿನ್ನಬೇಕಾಗುತ್ತದೆ, ನಿಜ. ಆದರೆ ಆ ಬೈಗುಳ ನಮ್ಮ ಕೆಲಸದ ಒಂದು ಭಾಗ. ಅದನ್ನು ತಪ್ಪಿಸಿಕೊಳ್ಳಲು ಮೂರು ತಿಂಗಳು ‘ಆಗ್ತದೆ, ಆಗ್ತದೆ’ ಎಂದು ದೂಡಿದರೆ ನಮ್ಮ ಒಂದು ದಿನದ ಮುಜುಗರಕ್ಕೆ ಬದಲಾಗಿ ಒಂದು ಬೈಲಿನವರ ಒಂದು ಮಳೆಗಾಲವನ್ನು ಕಿತ್ತುಕೊಂಡ ಹಾಗೆ ಆಗುತ್ತದೆ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ತಡಕ್ಕೆ ಕಾರಣ ಹೇಳುವಾಗಲೂ ಒಂದು ಕ್ರಮ ಬೇಕು. ‘ತಾಂತ್ರಿಕ ಕಾರಣ’ ಎಂದರೆ ಯಾರಿಗೆ ಏನು ತಿಳಿಯಿತು? ಸುಳ್ಯಕ್ಕೆ 110 ಕೆ.ವಿ. ವಿದ್ಯುತ್ ಮಾರ್ಗ ಬೇಕೆಂಬ ಬೇಡಿಕೆ ಬಹಳ ವರ್ಷದ್ದು. ಅಂಥ ಮಾರ್ಗದ ಅಡಿಯಲ್ಲಿ 22 ಮೀಟರ್ ಅಗಲಕ್ಕೆ ಎತ್ತರದ ಮರ ಇರಬಾರದು. ಅಡಿಕೆ, ತೆಂಗು, ರಬ್ಬರ್ ತೋಟಗಳ ಮೇಲೆ, ಅರಣ್ಯದ ಮೇಲೆ ಆ ಗೆರೆ ಹೋಗಬೇಕು. ಒಂದು ಕಡೆ ವೋಲ್ಟೇಜ್ ಇಲ್ಲದೆ ಪಂಪು ತಿರುಗದ ಕೃಷಿಕರು, ಇನ್ನೊಂದು ಕಡೆ ತೋಟದ ಸಾಲುಗಳನ್ನೇ ಕಳೆದುಕೊಳ್ಳುವ ಕೃಷಿಕರು. ಇಬ್ಬರಿಗೂ ನೋವಿದೆ. ಇಂಥಲ್ಲಿ ಯಾವ ಊರಿನ ಯಾವ ಕಂಬದವರೆಗೆ ಒಪ್ಪಿಗೆ ಸಿಕ್ಕಿದೆ, ಎಲ್ಲಿ ಅರಣ್ಯ ಇಲಾಖೆಯ ಕಾಗದ ಬಾಕಿ, ಎಲ್ಲಿ ಪರಿಹಾರದ ಮಾತುಕತೆ ನಡೆಯುತ್ತಿದೆ ಎಂದು ಬಿಡಿಸಿ ಹೇಳಿದರೆ ಇಬ್ಬರೂ ಎದುರಾಳಿಗಳಾಗಿ ನಿಲ್ಲುವ ಅಗತ್ಯ ಇರುವುದಿಲ್ಲ. ಕೆಲಸ ಯಾರ ಮೇಜಿನ ಮೇಲೆ ಕೂತಿದೆ ಎಂಬುದು ಸಾರ್ವಜನಿಕರಿಗೆ ತಿಳಿಯಬೇಕಾದ ವಿಷಯ. ಮಳೆಗಾಲದ ರಾತ್ರಿ ಕರೆಂಟು ಹೋದಾಗ ಊರಿನ ವಾಟ್ಸಪ್ ಗುಂಪಿನಲ್ಲಿ ಲೈನ್‌ಮ್ಯಾನ್ ಒಬ್ಬರು ‘ಮರ ಬಿದ್ದು ಎರಡು ಕಂಬ ಮುರಿದಿದೆ, ಕಂಬ ಬೆಳಗ್ಗೆ ಬರುತ್ತದೆ, ಮಧ್ಯಾಹ್ನದ ಮೊದಲು ಆಗುವುದಿಲ್ಲ’ ಎಂದು ಹಾಕುತ್ತಾರಲ್ಲ, ಅದು ನಾನು ಕಂಡ ಉತ್ತಮ ವರದಿಗಳಲ್ಲಿ ಒಂದು. ಓದಿದವರು ದೀಪ ಆರಿಸಿ ಮಲಗುತ್ತಾರೆ; ಹಾಲು ಫ್ರಿಜ್ಜಿನಿಂದ ತೆಗೆದು ಕಾಯಿಸಿಡುತ್ತಾರೆ.

ಸುದ್ದಿ ಕೊಡಲು ಗೊತ್ತುಪಡಿಸಿದ ಹೊತ್ತು ಇರಬೇಕು. ಇದನ್ನು ನಮ್ಮ ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಬೆಲೆ ಕುಸಿದು ಬೆಳೆಗಾರರು ಕಂಗಾಲಾದ ಕಾಲದಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಅಂದಿನಿಂದ ಇಂದಿನವರೆಗೆ ಕ್ಯಾಂಪ್ಕೋ ದರ ಎಷ್ಟು ಎಂಬುದು ಈ ಸೀಮೆಯ ಮನೆಗಳ ದಿನನಿತ್ಯದ ಮಾತು. ದರ ಏರಿದರೂ ಗೊತ್ತಾಗುತ್ತದೆ, ಇಳಿದರೂ ಗೊತ್ತಾಗುತ್ತದೆ, ನಿನ್ನೆಯದೇ ಇದ್ದರೂ ಗೊತ್ತಾಗುತ್ತದೆ. ಆಕಾಶವಾಣಿಯ ಪೇಟೆ ಧಾರಣೆಯನ್ನು ಕೇಳಿ ಬೆಳೆದವರು ನಾವು. ಬದಲಾವಣೆ ಇಲ್ಲದ ದಿನವೂ ಅದನ್ನು ಓದುತ್ತಿದ್ದರು. ಬದಲಾವಣೆ ಇಲ್ಲ ಎಂಬುದೂ ಒಂದು ಸುದ್ದಿ. ಅದು ತಿಳಿದರೆ ಅಡಿಕೆ ಕೊಡುವುದೋ, ಇನ್ನೂ ಹದಿನೈದು ದಿನ ಇಟ್ಟುಕೊಳ್ಳುವುದೋ ಎಂದು ಯೋಚಿಸಬಹುದು. ಕಾಮಗಾರಿಯಲ್ಲೂ ಹಾಗೆಯೇ ಆಗಬೇಕು. ‘ಈ ವಾರ ಸಿಮೆಂಟ್ ಬಾರದ ಕಾರಣ ಕೆಲಸ ನಡೆದಿಲ್ಲ, ಮುಂದಿನ ಶನಿವಾರ ಮತ್ತೆ ತಿಳಿಸುತ್ತೇವೆ’ ಎಂದು ಪ್ರತಿ ಶನಿವಾರ ಹೇಳುವವರ ಮಾತಿಗೆ ತೂಕ ಬರುತ್ತದೆ. ಒಳ್ಳೆಯದಾದಾಗ ಮಾತ್ರ ಬಾಯಿ ಬಿಡುವವರು ಮೌನವಾಗಿದ್ದರೆ ಜನ ಅದಕ್ಕೆ ತಮ್ಮದೇ ಅರ್ಥ ಕಟ್ಟುತ್ತಾರೆ.

ಯಾರು ಹೇಳಬೇಕು ಎಂಬುದನ್ನೂ ಯೋಚಿಸಬೇಕು. 1988ರಲ್ಲಿ ಪುತ್ತೂರಿನಿಂದ ಹೊರಡತೊಡಗಿದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಮಾಡಿ ನೋಡಿದವರೇ ಬರೆದರು. ಸಂಪಾದಕ ಶ್ರೀಪಡ್ರೆಯವರು ಆ ಬರಹಗಳಲ್ಲಿ ವಿಶೇಷಣಗಳಿಗಿಂತ ವಿವರಗಳಿಗೆ ಬೆಲೆ ಕೊಟ್ಟರು. ಎಷ್ಟು ಖರ್ಚು, ಎಷ್ಟು ನೀರು, ಯಾರು ಮಾಡಿದರು, ಎಲ್ಲಿ ಕೈಕೊಟ್ಟಿತು. ಹಾಗೆ ಬರೆದದ್ದನ್ನು ಓದಿ ಇನ್ನೊಂದು ಊರಿನವರು ಅದೇ ಕೆಲಸಕ್ಕೆ ಕೈಹಾಕಲು ಸಾಧ್ಯವಾಯಿತು. ಕಾಮಗಾರಿಯ ವರದಿಯನ್ನೂ ಸ್ಥಳದಲ್ಲಿ ನಿಂತ ಸೂಪರ್‌ವೈಸರ್ ಅಥವಾ ಮೇಸ್ತ್ರಿ ತಮ್ಮ ಮಾತಿನಲ್ಲಿ ಹೇಳಿದರೆ ಚೆನ್ನ. ಕಚೇರಿಯ ಮೂರು ಮೇಜು ದಾಟಿ ಬರುವ ಹೊತ್ತಿಗೆ ‘ದಕ್ಷಿಣದ ಗೋಡೆ ಬಿರುಕು ಬಿಟ್ಟಿದೆ’ ಎಂಬುದು ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದಾಗಿರುತ್ತದೆ.

ಸುಳ್ಯದ ಗಿರೀಶ್ ಭಾರದ್ವಾಜರ ತೂಗುಸೇತುವೆಗಳ ಕಥೆ ನಿಮಗೆಲ್ಲ ಗೊತ್ತು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದು ಮೊದಲನೆಯದು. ಆಮೇಲೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು; 2017ರಲ್ಲಿ ಪದ್ಮಶ್ರೀ ಬಂತು. ಅರಂಬೂರಿನಲ್ಲಿ ಊರವರೇ ಕೆಲಸಕ್ಕೆ ಕೈ ಜೋಡಿಸಿದರು. ತೂಗುಸೇತುವೆಯ ಕೆಲಸದಲ್ಲಿ ಒಂದು ಗುಣ ಇದೆ. ಎರಡೂ ದಡದಲ್ಲಿ ಕಂಬ ಏಳುತ್ತದೆ, ಹಿಂದೆ ನೆಲದಲ್ಲಿ ಹಗ್ಗ ಬಿಗಿಯುವ ಕಾಂಕ್ರೀಟ್ ಗಟ್ಟಿ ಕೂರುತ್ತದೆ, ಉಕ್ಕಿನ ಹಗ್ಗ ಹೊಳೆ ದಾಟುತ್ತದೆ, ಅದರಿಂದ ಸರಳುಗಳು ಇಳಿಯುತ್ತವೆ, ಹಲಗೆ ಒಂದೊಂದಾಗಿ ಕೂರುತ್ತದೆ. ನೋಡುವ ಯಾರಿಗಾದರೂ ಯಾವುದರ ಮೇಲೆ ಯಾವುದು ನಿಂತಿದೆ ಎಂದು ತಿಳಿಯುತ್ತದೆ. ಊರವರು ಸ್ವತಃ ಮರಳು, ಕಲ್ಲು ಹೊತ್ತ ಕೆಲಸದಲ್ಲಿ ಯಾರೂ ವರದಿ ಕೇಳುವುದಿಲ್ಲ. ತಡವಾದರೆ ಏಕೆಂದು ಅವರಿಗೇ ಗೊತ್ತಿರುತ್ತದೆ. ಎಲ್ಲ ಕೆಲಸದಲ್ಲೂ ಶ್ರಮದಾನ ಸಾಧ್ಯವಿಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ ಫಲಾನುಭವಿಗಳನ್ನು ಕರೆದು ಸ್ಥಳದಲ್ಲಿ ನಿಲ್ಲಿಸಿ ತೋರಿಸುವುದು ಎಲ್ಲ ಕಡೆಯೂ ಸಾಧ್ಯ.

ಪುತ್ತೂರು, ಸುಳ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳು ಈಗ ಅಮೆರಿಕ, ಯುರೋಪಿನ ಗ್ರಾಹಕರಿಗೆ ಸಾಫ್ಟ್‌ವೇರ್ ಮಾಡುತ್ತಾರೆ. ಕೊರೋನಾ ನಂತರ ಕೆಲವರು ಗುತ್ತಿಗಾರು, ಪಂಜದ ಮನೆಗಳಲ್ಲೇ ಕೂತು ಕೆಲಸ ಮಾಡುತ್ತಿದ್ದಾರೆ. ಅವರ ಕೆಲಸದಲ್ಲಿ ಗೋಡೆಯೂ ಇಲ್ಲ, ಹಲಗೆಯೂ ಇಲ್ಲ. ಗ್ರಾಹಕರಿಗೆ ಕಾಣುವುದು ಇವರು ಬರೆಯುವ ವಾರದ ಪತ್ರ ಮಾತ್ರ. ಅವರಿಗೂ ನಾನು ಹೇಳುವುದು ಇದನ್ನೇ. ಏನು ಮುಗಿದಿದೆ ಎಂಬುದನ್ನು ಗ್ರಾಹಕರು ತಾವೇ ತೆರೆದು ನೋಡುವ ಹಾಗೆ ತೋರಿಸಿ. ಏನು ಸಿಕ್ಕಿಕೊಂಡಿದೆ, ಅದನ್ನು ಬಿಡಿಸಲು ಅವರಿಂದ ಏನು ಬೇಕು ಎಂಬುದನ್ನು ಪತ್ರದ ಮೊದಲ ಸಾಲಿನಲ್ಲಿ ಬರೆಯಿರಿ, ಕೊನೆಯ ಸಾಲಿಗೆ ತಳ್ಳಬೇಡಿ. ಮಳೆಗೆ ನೆಟ್‌ವರ್ಕ್ ಕೈಕೊಡುವ ತಿಂಗಳುಗಳು ಗೊತ್ತಿರುವುದರಿಂದ, ಅದನ್ನೂ ಮೇ ತಿಂಗಳಲ್ಲೇ ತಿಳಿಸಿಬಿಡಿ.

ಕೊನೆಯದಾಗಿ ಪಂಚಾಯತಿನ ಮಾತು. ನಮ್ಮ ಕೈಯಲ್ಲಿ ಈಗಾಗಲೇ ಇರುವ ಒಂದು ವ್ಯವಸ್ಥೆಯನ್ನು ನಾವು ಸರಿಯಾಗಿ ಬಳಸುತ್ತಿಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯತಿನಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ಆರ್ಥಿಕ ವರ್ಷದ ಲೆಕ್ಕ ನೋಡುವುದು ಮಾತ್ರವಲ್ಲ, ಕಾಮಗಾರಿ ನಡೆದ ಜಾಗಕ್ಕೆ ಹೋಗಿ ಕಡತದಲ್ಲಿ ಬರೆದದ್ದು ನೆಲದ ಮೇಲೆ ಇದೆಯೇ ಎಂದು ನೋಡುವುದೂ ಅದರಲ್ಲಿ ಸೇರಿದೆ. ಉದ್ಯೋಗ ಖಾತರಿಯ ಕೆಲಸದಲ್ಲಿ ಹೆಸರು, ಅಂದಾಜು ಮೊತ್ತ, ಕೂಲಿ, ಸಾಮಗ್ರಿಯ ಖರ್ಚು ಬರೆದ ನಾಮಫಲಕ ಸ್ಥಳದಲ್ಲಿ ಇರಬೇಕು. ಕೇಳದೆಯೇ ಮಾಹಿತಿಯನ್ನು ಹೊರಗಿಡಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್ ಹೇಳುತ್ತದೆ. ನಾಮಫಲಕವನ್ನು ಹೆಚ್ಚಾಗಿ ಕೆಲಸ ಮುಗಿದ ಮೇಲೆ ಬಿಲ್ಲಿನ ಫೋಟೋಕ್ಕೆಂದು ನೆಡುತ್ತಾರೆ. ಕೆಲಸ ಶುರುವಾದ ದಿನವೇ ಅದನ್ನು ನೆಟ್ಟು, ಅಡಿಯಲ್ಲಿ ಒಂದು ಗೇಣು ಜಾಗ ಖಾಲಿ ಬಿಡಲಿ. ಅಲ್ಲಿ ಸೀಮೆಸುಣ್ಣದಿಂದ ಈ ವಾರ ಏನಾಯಿತು, ಏನು ನಿಂತಿದೆ, ಯಾರ ಕಡೆಯಿಂದ ನಿಂತಿದೆ, ಮುಂದೆ ಯಾವ ದಿನ ಬರೆಯುತ್ತೇವೆ ಎಂದು ಬರೆಯಲಿ. ಮಳೆಗೆ ಅಳಿಸಿದರೆ ಮತ್ತೆ ಬರೆಯಲಿ. ಇದಕ್ಕೆ ಹೊಸ ಅನುದಾನ ಬೇಡ, ಮೇಲಿನ ಆದೇಶಕ್ಕೂ ಕಾಯಬೇಕಾಗಿಲ್ಲ. ಪಂಚಾಯತಿನ ಒಂದು ನಿರ್ಣಯ ಸಾಕು. ನಿಮ್ಮ ಮುಂದಿನ ಗ್ರಾಮಸಭೆಯ ದಿನಾಂಕ ತಿಳಿದುಕೊಂಡು, ಈ ಒಂದು ವಿಷಯವನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.